ಕರೆಯೋಲೆಯ ಕೆಳಗಿನ ಹೆಸರುಗಳು

ಮದುವೆಯ ಕರೆಯೋಲೆ ಕೈಗೆ ಬಂದರೆ ನೀವು ಮೊದಲು ಏನು ಓದುತ್ತೀರಿ? ವಧೂವರರ ಹೆಸರು, ಮುಹೂರ್ತ, ಛತ್ರ ಎಲ್ಲಿ ಅನ್ನುವುದು, ಅಷ್ಟೇ ತಾನೇ? ನಾನು ಮೊದಲು ಕಣ್ಣು ಹಾಯಿಸುವುದು ಕೆಳಗೆ, ‘ತಮ್ಮ ಸುಖಾಗಮನ ಬಯಸುವವರು’ ಎಂದು ಸಣ್ಣ ಅಕ್ಷರದಲ್ಲಿ ಹೆಸರುಗಳ ಸಾಲು ಇರುತ್ತದಲ್ಲ, ಅಲ್ಲಿಗೆ. ಒಂದು ಮನೆತನದ ಚರಿತ್ರೆಯೆಲ್ಲ ಆ ಸಾಲಿನಲ್ಲಿರುತ್ತದೆ. ಯಾರಿದ್ದಾರೆ, ಯಾರು ಬಿಟ್ಟುಹೋದರು, ಯಾರ ಪಕ್ಕದಲ್ಲಿ ಯಾರು!

ಈ ಅಭ್ಯಾಸ ಬಂದದ್ದು ನಮ್ಮ ಚಿಕ್ಕಪ್ಪನಿಂದ. ಅವರ ಮಗಳ ಮದುವೆಯ ಹೊತ್ತಿಗೆ ನಮ್ಮೂರು ಎರಡು ಪಾರ್ಟಿಯಾಗಿತ್ತು. ಪಂಚಾಯಿತಿ ಚುನಾವಣೆ ಮುಗಿದು ವರ್ಷವಾದರೂ ಈ ಪಾರ್ಟಿಯವರು ಆ ಪಾರ್ಟಿಯವರ ಜಗಲಿ ಹತ್ತುತ್ತಿರಲಿಲ್ಲ. ಚಿಕ್ಕಪ್ಪ ಕರೆಯೋಲೆಯ ಕರಡನ್ನು ಎರಡೂ ಕಡೆಯ ಯಜಮಾನರ ಮನೆಗೆ ತಾವೇ ಒಯ್ದು, ‘ನಿಮ್ಮಿಬ್ಬರ ಹೆಸರೂ ಒಂದೇ ಸಾಲಿನಲ್ಲಿ ಹಾಕಿಸಬೇಕಂತಿದ್ದೀನಿ ಯಜಮಾನ್ರೇ, ಆಗಬಹುದೋ?’ ಎಂದು ಕೇಳಿದರು. ಒಬ್ಬರು ನಿಂತ ಹೆಜ್ಜೆಯಲ್ಲೇ ಹೂಂ ಅಂದರು. ಇನ್ನೊಬ್ಬರು ಎರಡು ದಿನ ತೆಗೆದುಕೊಂಡರು. ಆ ಎರಡು ದಿನ ಪ್ರೆಸ್ಸಿನವನು ಅಚ್ಚು ನಿಲ್ಲಿಸಿ ಕಾದ.

ಇದೆಲ್ಲ ಈಗ ನೆನಪಾದದ್ದು ಅಮೆರಿಕದ ಒಂದು ಪಟ್ಟಿ ಓದುವಾಗ. ಅಲ್ಲಿನ ಸಂಸತ್ತಿನಲ್ಲಿ ಯಾರು ಎದುರು ಪಕ್ಷದವರೊಡನೆ ಎಷ್ಟು ಕೂಡಿ ಕೆಲಸ ಮಾಡಿದರು ಅಂತ ಅಳೆದು ಅಂಕ ಕೊಡುವ ಪಟ್ಟಿ ಅದು. ಲೂಗರ್ ಸೆಂಟರ್ ಎಂಬ ಸಂಸ್ಥೆಯೂ ಜಾರ್ಜ್‌ಟೌನ್ ವಿಶ್ವವಿದ್ಯಾಲಯದವರೂ ಸೇರಿ 2015ರಲ್ಲಿ ಅದನ್ನು ಹೊರತಂದರು. ಅಳೆಯುವುದು ಹೇಗೆ ಅಂತೀರಾ? ಥೇಟ್ ಕರೆಯೋಲೆಯ ಹಾಗೆ! ಅಲ್ಲಿ ಒಬ್ಬ ಸದಸ್ಯ ಮಸೂದೆ ಮಂಡಿಸಿದರೆ, ಒಪ್ಪಿದ ಇತರರು ಸಹಮಂಡಕರಾಗಿ ತಮ್ಮ ಹೆಸರು ಸೇರಿಸಬಹುದು. ನಿನ್ನ ಮಸೂದೆಗೆ ಎದುರು ಪಕ್ಷದ ಎಷ್ಟು ಹೆಸರು ಬಂತು, ಅವರ ಮಸೂದೆಗೆ ನೀನೆಷ್ಟು ಸಲ ಹೆಸರು ಕೊಟ್ಟೆ, ಇವೆರಡೇ ಲೆಕ್ಕ. ಬರೀ ಗೌರವಸೂಚಕವಾದ ಮಸೂದೆಗಳನ್ನು ಬದಿಗಿಡುತ್ತಾರೆ. ಅದು ಸರಿಯೇ. ಅಂಚೆ ಕಚೇರಿಗೆ ಊರಿನ ಹಿರಿಯರ ಹೆಸರಿಡೋಣ ಎಂದರೆ ಯಾರು ತಾನೆ ಬೇಡ ಅಂದಾರು?

ಬಂದ ಅಂಕವನ್ನು 1993ರಿಂದ ಇಪ್ಪತ್ತು ವರ್ಷಗಳ ಸರಾಸರಿಯ ಪಕ್ಕದಲ್ಲಿಟ್ಟು ತೂಗುತ್ತಾರೆ. ಮೇನ್ ರಾಜ್ಯದ ರಿಪಬ್ಲಿಕನ್ ಸೆನೆಟರ್ ಸೂಸನ್ ಕಾಲಿನ್ಸ್ ಅದರಲ್ಲಿ ಎಷ್ಟೋ ಸಲ ಮೊದಲ ಸ್ಥಾನದಲ್ಲಿ ನಿಂತವರು.

ಆದರೆ ಮತ ಎಣಿಸುವುದು ಬಿಟ್ಟು ಹೆಸರು ಎಣಿಸುವುದೇಕೆ? ಮತ ಎಣಿಸುವುದು ಹಳೆಯ ಪದ್ಧತಿ. ಸ್ಟುವರ್ಟ್ ರೈಸ್ ಎಂಬ ವಿದ್ವಾಂಸರು 1920ರ ದಶಕದಲ್ಲೇ ಅದಕ್ಕೊಂದು ಸರಳ ಲೆಕ್ಕ ಹಾಕಿಕೊಟ್ಟಿದ್ದರು. ಒಂದು ಪಕ್ಷದಲ್ಲಿ ನೂರಕ್ಕೆ 80 ಮಂದಿ ಹೌದೆಂದು, ಇನ್ನೊಂದರಲ್ಲಿ 30 ಮಂದಿ ಹೌದೆಂದರೆ ಅಂತರ 50. ಅದನ್ನು ನೂರರಲ್ಲಿ ಕಳೆದರೆ ಉಳಿದದ್ದು ಎರಡು ಪಕ್ಷಗಳ ಹೋಲಿಕೆ. ಲೆಕ್ಕವೇನೋ ಚೆನ್ನ. ಆದರೆ ಯಾವ ವಿಷಯ ಮತಕ್ಕೆ ಬರಬೇಕು ಎನ್ನುವುದನ್ನು ನಾಯಕರು ತೀರ್ಮಾನಿಸುತ್ತಾರೆ. ಜಗಳದ ವಿಷಯವನ್ನೇ ಮತಕ್ಕಿಟ್ಟರೆ ಸಿಗುವುದೂ ಜಗಳದ ಲೆಕ್ಕವೇ. ಹೆಸರು ಸೇರಿಸುವುದು ಹಾಗಲ್ಲ. ಅದು ಸದಸ್ಯ ತಾನಾಗಿ ಇಡುವ ಹೆಜ್ಜೆ. ನನಗೆ ಈ ಪಟ್ಟಿ ಹಿಡಿಸಿದ್ದು ಅದಕ್ಕೇ.

ನಮ್ಮಲ್ಲಿ ಮತದ ತಕ್ಕಡಿ ಹಿಡಿದು ನೋಡಿ, ಏನೂ ತಿಳಿಯುವುದಿಲ್ಲ. 1985ರಲ್ಲಿ 52ನೇ ತಿದ್ದುಪಡಿಯಿಂದ ಪಕ್ಷಾಂತರ ನಿಷೇಧ ಬಂದ ಮೇಲೆ, ವಿಪ್ ಮೀರಿ ಮತ ಹಾಕಿದ ಶಾಸಕ ಕುರ್ಚಿಯನ್ನೇ ಕಳೆದುಕೊಳ್ಳಬಹುದು. ಆಯಾರಾಂ ಗಯಾರಾಂ ಕಾಲ ಕಂಡವರು ಈ ಕಾನೂನು ಬೇಕಿತ್ತು ಅನ್ನುತ್ತಾರೆ, ನಾನೂ ಒಪ್ಪುತ್ತೇನೆ. ಆದರೂ ಒಳ್ಳೆಯ ಮಾತು ಎದುರು ಸಾಲಿನಿಂದ ಬಂದಾಗ ಕೈ ಎತ್ತಲಾಗದೆ ಕುಳಿತವನ ಸಂಕಟ ನೆನೆದರೆ ಮನಸ್ಸು ಭಾರವಾಗುತ್ತದೆ. ನಮ್ಮ ಹೊಂದಾಣಿಕೆಯನ್ನು ಬೇರೆ ಕಡೆ ಹುಡುಕಬೇಕು. 1967ರಿಂದ ಸಂಸತ್ತಿನ ಲೆಕ್ಕಪತ್ರ ಸಮಿತಿಗೆ ವಿರೋಧ ಪಕ್ಷದವರನ್ನೇ ಅಧ್ಯಕ್ಷರನ್ನಾಗಿ ಮಾಡುವ ರೂಢಿಯಿದೆ, ಅಲ್ಲಿ ಹುಡುಕಬಹುದು. ಹಳೆಯ ಸಂಸತ್ ಭವನದ ಸೆಂಟ್ರಲ್ ಹಾಲಿನಲ್ಲಿ ಹುಡುಕಬಹುದಿತ್ತು, ಸದನದಲ್ಲಿ ಕಾದಾಡಿದವರು ಅಲ್ಲಿ ಒಟ್ಟಿಗೆ ಕೂತು ಕಾಫಿ ಕುಡಿಯುತ್ತಿದ್ದರು. 2023ರಲ್ಲಿ ತೆರೆದ ಹೊಸ ಭವನದಲ್ಲಿ ಅಂಥ ಹಾಲೇ ಇಲ್ಲ.

ಕಾಫಿ ಅಂದೆನಲ್ಲ, ತಿಂಡಿಯ ಮಾತೂ ಬರಲಿ. ಅಮೆರಿಕದ ಸೆನೆಟಿನಲ್ಲಿ ಒಂದು ಮಿಠಾಯಿ ಮೇಜಿದೆ. ನಟರಾಗಿದ್ದು ಸೆನೆಟರ್ ಆದ ಜಾರ್ಜ್ ಮರ್ಫಿ 1960ರ ದಶಕದಲ್ಲಿ ತಮ್ಮ ಮೇಜಿನ ಖಾನೆಯಲ್ಲಿ ಮಿಠಾಯಿ ಇಟ್ಟು ಹಂಚತೊಡಗಿದರು. ಮೇಜು ಇರುವುದು ರಿಪಬ್ಲಿಕನ್ನರ ಕಡೆ, ಕೈ ಹಾಕುವವರು ಎರಡೂ ಕಡೆಯವರು. ಮರ್ಫಿ ಹೋದ ಮೇಲೂ ಪದ್ಧತಿ ನಿಂತಿಲ್ಲ. ಅದಕ್ಕೆ ಯಾರಾದರೂ ಅಂಕ ಕೊಟ್ಟಾರೆಯೇ?

ಲೂಗರ್ ಯಾರು ಅಂತ ಹೇಳುವುದೇ ಉಳಿಯಿತು ನೋಡಿ. ರಿಚರ್ಡ್ ಲೂಗರ್ ಇಂಡಿಯಾನಾದ ರಿಪಬ್ಲಿಕನ್ ಸೆನೆಟರ್, 1977ರಿಂದ 36 ವರ್ಷ. ಸೋವಿಯತ್ ಒಕ್ಕೂಟ ಕುಸಿಯುತ್ತಿದ್ದ 1991ರಲ್ಲಿ ಅವರೂ ಜಾರ್ಜಿಯಾದ ಡೆಮಾಕ್ರಟ್ ಸ್ಯಾಮ್ ನನ್ ಅವರೂ ಕೂಡಿ ಒಂದು ಕಾನೂನು ತಂದರು. ಅಮೆರಿಕದ ದುಡ್ಡಿನಲ್ಲಿ ಎದುರಾಳಿಯ ಅಣ್ವಸ್ತ್ರಗಳನ್ನು ಕಳಚುವ ಯೋಜನೆ ಅದು. ಮುಂದೆ ಏಳು ಸಾವಿರಕ್ಕೂ ಹೆಚ್ಚು ಸಿಡಿತಲೆಗಳು ನಿಷ್ಕ್ರಿಯವಾದವು. ಉಕ್ರೇನ್, ಕಝಾಕಿಸ್ತಾನ, ಬೆಲಾರೂಸ್‌ಗಳಲ್ಲಿ ಒಂದೂ ಉಳಿಯಲಿಲ್ಲ. ಎರಡು ಪಕ್ಷದ ಇಬ್ಬರು ಒಂದು ಕಾಗದದ ಮೇಲೆ ಹೆಸರು ಹಾಕಿದ್ದರಿಂದ ಶುರುವಾದ ಕೆಲಸ! ಆಮೇಲೊಮ್ಮೆ, 2005ರಲ್ಲಿ, ಅದೇ ಕೆಲಸದ ಮೇಲೆ ರಷ್ಯಾಕ್ಕೆ ಹೋಗಿದ್ದಾಗ ಪೆರ್ಮ್ ವಿಮಾನ ನಿಲ್ದಾಣದಲ್ಲಿ ಲೂಗರ್ ಅವರನ್ನು ಸುಮಾರು ಮೂರು ಗಂಟೆ ತಡೆದು ಕೂರಿಸಿದ್ದರು. ಜೊತೆಗಿದ್ದವರು ಆಗಷ್ಟೇ ಸೆನೆಟಿಗೆ ಬಂದಿದ್ದ ಡೆಮಾಕ್ರಟ್ ಬರಾಕ್ ಒಬಾಮ. ಆ ಮೂರು ಗಂಟೆ ಇಬ್ಬರೂ ಏನು ಮಾತಾಡಿಕೊಂಡಿರಬಹುದು? ನನಗೆ ಅದನ್ನು ಕೇಳಬೇಕೆಂಬ ಆಸೆ ಇವತ್ತಿಗೂ ಇದೆ.

2012ರಲ್ಲಿ ಲೂಗರ್ ಅವರನ್ನು ಅವರ ಪಕ್ಷದವರೇ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಸೋಲಿಸಿದರು. ಗೆದ್ದ ರಿಚರ್ಡ್ ಮರ್ಡಾಕ್, ಕೂಡಿ ಕೆಲಸ ಮಾಡುವುದೆಂದರೆ ಡೆಮಾಕ್ರಟರು ನಮ್ಮ ಅಭಿಪ್ರಾಯಕ್ಕೆ ಬರುವುದು ಎಂಬರ್ಥದ ಮಾತಾಡಿದರು. ನವೆಂಬರಿನಲ್ಲಿ ಅವರು ಡೆಮಾಕ್ರಟರ ಎದುರು ಸೋತರು. ಲೂಗರ್ ಮನೆಗೆ ಹೋಗಿ ಸುಮ್ಮನೆ ಕೂರಲಿಲ್ಲ, ಸಂಸ್ಥೆ ಕಟ್ಟಿದರು. 2019ರಲ್ಲಿ ತೀರಿಕೊಂಡರು. ಆ ಪಟ್ಟಿ ಸಾಗುತ್ತಲೇ ಇತ್ತು. ಅದನ್ನು ಓದುವಾಗ ನನಗೆ ಅಂಕಗಳಿಗಿಂತ ಹೆಚ್ಚಾಗಿ ಕಾಣುವುದು ಸೋತ ಮೇಲೂ ಎದುರು ಮನೆಯ ಜಗಲಿ ಹತ್ತುವ ಆ ಹಿರಿಯರು.

ಚಿಕ್ಕಪ್ಪನ ಕಥೆ ಅರ್ಧಕ್ಕೇ ನಿಂತಿತಲ್ಲ. ಎರಡು ದಿನವಾದ ಮೇಲೆ ಆ ಯಜಮಾನರಿಂದ ಹೇಳಿಕಳಿಸಿದ್ದು ಬಂತು, ‘ಹಾಕಿಸು, ಆದರೆ ಅಕಾರಾದಿಯಾಗಿ ಹಾಕಿಸು’ ಅಂತ. ಹಾಗೆ ಹಾಕಿದರೆ ಎದುರಿನವರ ಹೆಸರೇ ಮೊದಲು ಬರುತ್ತಿತ್ತು. ಅದು ಅವರಿಗೂ ಗೊತ್ತಿತ್ತು. ಮದುವೆಯ ದಿನ ಬೆಳಗಿನ ಜಾವ, ಇನ್ನೂ ಓಲಗದವರೇ ಬಂದಿರಲಿಲ್ಲ, ಛತ್ರದ ಬಾಗಿಲಲ್ಲಿ ಗಾಡಿ ನಿಂತಿತು. ಅವರ ತೋಟದ ಬಾಳೆಲೆ, ಇಡೀ ಗಾಡಿ ತುಂಬ. ಇಳಿಸಿಕೊಳ್ಳಲು ಮೊದಲು ಕೈ ಕೊಟ್ಟವರು ಎದುರು ಪಾರ್ಟಿಯ ಯಜಮಾನರ ಮಗ.