ಎರಡು ಶುಕ್ರವಾರ, ಎರಡು ಸೋಲು

2008ರ ಏಪ್ರಿಲ್ 18, ಶುಕ್ರವಾರ. ಶ್ರೀನಿವಾಸಪುರದಿಂದ ನಾನು, ಮುಳಬಾಗಿಲಿನಿಂದ ನನ್ನ ಭಾವಮೈದ, ಕೋಲಾರದ ಬಸ್ ಸ್ಟ್ಯಾಂಡಿನಲ್ಲಿ ಕೂಡಿಕೊಂಡು ಬೆಂಗಳೂರಿನ ಬಸ್ ಹತ್ತಿದೆವು. ಮಾಲೂರಿನ ಗೆಳೆಯ ಹೆಂಚಿನ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಿ ರೈಲಿನಲ್ಲಿ ಬಂದಿದ್ದ. ಟಿಕೆಟ್ ತಂದವನು ಅವನೇ. ಯಾರು ಕೊಟ್ಟರೆಂದು ನಾವು ಕೇಳಲಿಲ್ಲ, ಅವನೂ ಹೇಳಲಿಲ್ಲ. ಕಬ್ಬನ್ ಪಾರ್ಕಿನಲ್ಲಿ ಮಾವಿನಕಾಯಿ ಚಿತ್ರಾನ್ನ ತಿಂದು, ಕೈ ಒರೆಸಿಕೊಂಡು ಚಿನ್ನಸ್ವಾಮಿ ಸ್ಟೇಡಿಯಂ ಒಳಗೆ ಹೋದೆವು. ಬೆಂಗಳೂರಿಗೂ ಕೋಲ್ಕತ್ತಕ್ಕೂ ಐಪಿಎಲ್‌ನ ಮೊಟ್ಟಮೊದಲ ಪಂದ್ಯ.

ಅದೇ ಮೈದಾನದಲ್ಲಿ ನಾನು ರಣಜಿ ನೋಡಿದ್ದವನು. ಖಾಲಿ ಮೆಟ್ಟಿಲು, ದಿನಗಟ್ಟಲೆ ಆಟ. ನಡುವೆ ಒಂದು ನಿದ್ದೆ ತೆಗೆದರೂ ನಷ್ಟವಿರಲಿಲ್ಲ. ಇಲ್ಲಿ ಪಟಾಕಿ, ಕುಣಿಯಲು ಅಮೆರಿಕದಿಂದ ಬಂದ ಹುಡುಗಿಯರು. ಭಾವಮೈದ ಅರ್ಧ ಆಟ ಆ ಕಡೆಯೇ ನೋಡಿದ. ಅವನೇ ಜಾಣ ಅಂತ ಆಮೇಲೆ ಗೊತ್ತಾಯಿತು.

ಟಾಸ್ ಗೆದ್ದ ದ್ರಾವಿಡ್ ಫೀಲ್ಡಿಂಗ್ ತೆಗೆದುಕೊಂಡರು. ಎರಡನೇ ಓವರಿನಿಂದ ಮೆಕಲಮ್ ಶುರುಮಾಡಿದ: 73 ಎಸೆತಕ್ಕೆ 158, ಅದರಲ್ಲಿ 13 ಸಿಕ್ಸರ್, ಕೊನೆಗೂ ಔಟಾಗಲಿಲ್ಲ. ಕೋಲ್ಕತ್ತ 222. ನಮ್ಮವರು 82ಕ್ಕೆ ಮುಗಿದರು. ಎರಡಂಕಿ ಮುಟ್ಟಿದ ಬ್ಯಾಟು ಪ್ರವೀಣ್ ಕುಮಾರ್‌ದೊಂದೇ, ಅವನೋ ಬೌಲರ್. ಅವನ 18ಕ್ಕಿಂತ ಎಕ್ಸ್‌ಟ್ರಾ ರನ್ನೇ ಒಂದು ಹೆಚ್ಚು. ಕೊಹ್ಲಿ ಎಂಬ 19ರ ಹುಡುಗ ಒಂದು ರನ್ ಮಾಡಿ ವಾಪಸಾದ, ಯಾರೂ ಗಮನಿಸಲಿಲ್ಲ. ಹಿಂದಿನ ಸಾಲಿನಲ್ಲಿ ನಮ್ಮ ಸೀಮೆಯವರೇ ಯಾರೋ "ಪೋಯಿಂದಿ ರಾ" ಎಂದರು. ಕೋಲಾರದವರು ಕನ್ನಡದಲ್ಲಿ ಗೆದ್ದು ತೆಲುಗಿನಲ್ಲಿ ಸೋಲುತ್ತಾರೆ.

ಕೊನೆಯ ಬಸ್ ಹೋಗಿತ್ತು. ಕಲಾಸಿಪಾಳ್ಯದಲ್ಲಿ ಟೊಮೇಟೊ ಇಳಿಸಿ ಹೊರಟಿದ್ದ ಟೆಂಪೊ ಸಿಕ್ಕಿತು. ಖಾಲಿ ಕ್ರೇಟುಗಳ ನಡುವೆ ಕೂತು ಬೆಳಗಿನ ಜಾವ ಕೋಲಾರ ಸೇರಿದೆವು. ಬಟ್ಟೆಯೆಲ್ಲ ಕೊಳೆತ ಟೊಮೇಟೊ ವಾಸನೆ. "ಭಾವ, ಇನ್ನು ಕರೀಬೇಡಿ" ಅಂದ ಭಾವಮೈದ.

2025ರ ಏಪ್ರಿಲ್ 18, ಅದೂ ಶುಕ್ರವಾರ. ಅದೇ ಮೈದಾನ, ಎದುರಾಳಿ ಪಂಜಾಬ್. ನಾನು ಶ್ರೀನಿವಾಸಪುರದ ಮನೆ ಜಗಲಿಯಲ್ಲಿ, ಆಟ ಫೋನಿನಲ್ಲಿ. ಬೆಂಗಳೂರಿನಲ್ಲಿ ಮಳೆ ಅಂದಾಗ ಫೋನ್ ಬಿಟ್ಟು ಆಕಾಶ ನೋಡಿದೆ. ಮಾವು ಮರದಲ್ಲಿರುವಾಗ ಗಾಳಿಮಳೆ ಅಂದರೆ ನಮಗೆ ಬೇರೆ ಲೆಕ್ಕ. ಎರಡು ಗಂಟೆಗೂ ಮೀರಿ ತಡವಾಗಿ, ಆಟ 14 ಓವರಿಗೆ ಇಳಿಯಿತು. ಬೆಂಗಳೂರು 9 ವಿಕೆಟಿಗೆ 95, ಅದರಲ್ಲಿ ಟಿಮ್ ಡೇವಿಡ್ ಒಬ್ಬನದೇ 50. ಕೊಹ್ಲಿ ಈ ಸಲವೂ ಒಂದೇ ರನ್. ಪಂಜಾಬ್ 5 ವಿಕೆಟಿನಿಂದ ಗೆದ್ದಿತು.

ಅಮೆರಿಕದಲ್ಲಿರುವ ಅಕ್ಕನ ಮಗ ಬೇಸ್‌ಬಾಲ್ ಹುಚ್ಚಿನವನು. ಫೋನ್ ಮಾಡಿದಾಗ ನಕ್ಕ: "ಇಲ್ಲಿ ಸೀಸನ್ನಿಗೆ ಒಂದೊಂದು ಟೀಮು 162 ಆಟ ಆಡುತ್ತೆ ಮಾವ. ಒಂದು ಸೋತ್ರೆ ಯಾರೂ ಊಟ ಬಿಡಲ್ಲ." ನಮ್ಮದು ಲೀಗಿನಲ್ಲಿ 14. ಆದರೂ ಅವನ ಮಾತು ಸರಿಯೇ. ಅಂದು ನಮಗೆ ಆ ಲೆಕ್ಕ ತಿಳಿದಿರಲಿಲ್ಲ, ಒಂದೇ ರಾತ್ರಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆವು.

ಆಗಿನದೇ ಚೆನ್ನಾಗಿತ್ತು ಅನ್ನಲಾರೆ. ಅಂದು ಕೂತ ಜಾಗದಿಂದ ಎಷ್ಟೋ ಸಲ ಚೆಂಡೇ ಕಾಣಲಿಲ್ಲ. ಫೋನಿನಲ್ಲಿ ಅದರ ಹೊಲಿಗೆಯೂ ಕಾಣುತ್ತದೆ. ನಾವು ಕಳೆದುಕೊಂಡದ್ದು ಬಸ್ ಚಾರ್ಜು. ಈಗಿನ ಹುಡುಗರು ಓವರಿಗೊಂದು ಬೆಟ್ ಕಟ್ಟಿ ಬೈಕು ಕಳೆದುಕೊಳ್ಳುತ್ತಾರೆ.

ಜೂನ್ 3ರಂದು ಅಹಮದಾಬಾದಿನಲ್ಲಿ ಅದೇ ಪಂಜಾಬನ್ನು 6 ರನ್ನಿಂದ ಸೋಲಿಸಿ ಬೆಂಗಳೂರು ಕಪ್ ಗೆದ್ದಿತು. ಮರುದಿನ ಬೆಳಗ್ಗೆ ಭಾವಮೈದನ ಫೋನು: "ಭಾವ, ಸ್ಟೇಡಿಯಂ ಹತ್ರ ಹೋಗೋಣ." ತೋತಾಪುರಿಗೆ ರೇಟು ಬಿದ್ದುಹೋಗಿತ್ತು, ನಾನು ಮಂಡಿಯಲ್ಲಿದ್ದೆ. ಆಗಲ್ಲ ಅಂದೆ. ಒಬ್ಬನೇ ಹೋಗಲು ಅವನಿಗೂ ಮನಸ್ಸಾಗಲಿಲ್ಲ. ಆ ಸಂಜೆ ಸ್ಟೇಡಿಯಂ ಹೊರಗಿನ ನೂಕುನುಗ್ಗಲಿನಲ್ಲಿ 11 ಜನ ಸತ್ತರು.