ಮುಖವಾಡಕ್ಕೂ ಮುಂಚಿನ 20 ನಿಮಿಷ

ದೋಸ್ತರೇ, ಆ ಮೀಮ್ ಟೆಂಪ್ಲೇಟ್ ನಿಮ್ಮ ಫೋನಿನ್ಯಾಗೂ ಇದ್ದೇ ಇರ್ತೈತಿ. ಹಗ್ಗದಾಗ ಕಟ್ಟಿಹಾಕಿದ ದೆವ್ವ, ಪಕ್ಕದಾಗ ಕೊರಳಿಗೆ ಕಿತ್ತಳೆ ಸ್ಕಾರ್ಫ್ ಸುತ್ತಿದ ಫ್ರೆಡ್. ದೆವ್ವದ ಮ್ಯಾಲೆ ‘ಪರೀಕ್ಷೆ ಮುಂದಕ್ಕ ಹೋತಂತ’ ಅಂತ ಬರೀತೀವಿ. ಮುಖವಾಡ ಎಳೆದ್ರ ಒಳಗ ಲಾಸ್ಟ್ ಬೆಂಚಿನ ನಮ್ಮ ಗೆಳೆಯ! ಸಿಂಧನೂರಿನಿಂದ ಲಿಂಗಸುಗೂರಿನ ತನಕ ಕಾಲೇಜು ಗ್ರೂಪಿನಾಗ ಇದು ಓಡ್ತೈತಿ. ಮೂಲ ಕಾರ್ಟೂನಿನ ಒಂದು ಸಂಚಿಕೆನೂ ನೋಡದವರು ಸುದ್ದಾ ನಗ್ತಾರ. ಅದು ಹೆಂಗ?

ಸ್ಕೂಬಿ-ಡೂ ಶುರುವಾಗಿದ್ದು 1969ರ ಸೆಪ್ಟೆಂಬರ್‌ನಲ್ಲಿ, ಅಮೆರಿಕದ ಸಿಬಿಎಸ್ ಚಾನೆಲ್‌ನಲ್ಲಿ. ನಾಲ್ಕು ಮಂದಿ ಹರೆಯದವರು, ಒಂದು ನಾಯಿ, ಒಂದು ವ್ಯಾನು. ಮೊದಲ 25 ಸಂಚಿಕೆಗಳ ಚೌಕಟ್ಟು ಹೆಚ್ಚುಕಡಿಮೆ ಒಂದೇ: ದೆವ್ವ ಕಾಣ್ತೈತಿ, ಇವರು ಓಡ್ತಾರ, ಸುಳಿವು ಹುಡುಕ್ತಾರ, ಬಲಿ ಹಾಕ್ತಾರ, ಮುಖವಾಡ ಎಳೀತಾರ. ದೊಡ್ಡಾಟದಾಗ ಸಾರಥಿ ಬಂದ್ರ ಮುಂದ ಏನಂತ ಕುಂತವರಿಗೆ ಗೊತ್ತಿರ್ತೈತಲ್ಲ, ಹಂಗ. ಎಲ್ಲರಿಗೂ ಗೊತ್ತಿದ್ದದ್ದನ್ನ ಒಂಚೂರು ತಿರುಚಿದ್ರ ಸಾಕು, ನಗು ಬರ್ತೈತಿ. 1992ರ ‘ವೇನ್ಸ್ ವರ್ಲ್ಡ್’ ಸಿನಿಮಾ ಬೇರೆ ಬೇರೆ ಕ್ಲೈಮ್ಯಾಕ್ಸ್ ತೋರಿಸ್ತಾ ಒಂದನ್ನ ಸ್ಕೂಬಿ-ಡೂ ಥರಾನೇ ಮುಗಿಸ್ತು. 2018ರಲ್ಲಿ ‘ಸೂಪರ್‌ನ್ಯಾಚುರಲ್’ ಧಾರಾವಾಹಿಯ ಅಣ್ಣತಮ್ಮಂದಿರು ಕಾರ್ಟೂನಿನ ಒಳಗೇ ಹೊಕ್ಕರು. ಅಲ್ಲಿ ದೆವ್ವ ನಿಜವಾದದ್ದೇ. ಪಾಪ, ಸ್ಕೂಬಿ ಗ್ಯಾಂಗಿನ ತಲೆ ಕೆಟ್ಟುಹೋತು.

ಹಟ್ಟಿ ಕಡೆಯವರು ಇಲ್ಲಿ ಕೇಳ್ರಿ. 1969ರ ಒಂದು ಸಂಚಿಕೆ ಹಳೇ ಚಿನ್ನದ ಗಣಿದೇ. ಗಣಿಗಾರನ ದೆವ್ವ ಬಂದವರನ್ನೆಲ್ಲಾ ಓಡಿಸ್ತಿರ್ತೈತಿ. ಕೊನೀಗೆ ನೋಡಿದ್ರ ಅಂವ ಅಲ್ಲೇ ಕೆಲಸ ಮಾಡೋ ಮನುಷ್ಯ. ಗಣಿಯಾಗ ಎಣ್ಣೆ ಸಿಕ್ಕಿರ್ತೈತಿ, ಜಾಗ ಅಗ್ಗಕ್ಕ ಹೊಡ್ಕೊಬೇಕಂತ ಆಸೆ. ದೆವ್ವದ ಹಿಂದ ಒಬ್ಬ ಮನುಷ್ಯ, ಅವನ ಹಿಂದ ಒಂದು ಲೆಕ್ಕ. ರಾಜಕೀಯದ ಮೀಮಿಗೂ ಇದೇ ಟೆಂಪ್ಲೇಟ್ ಬೇಕಾಗೋದು ಅದಕ್ಕೇ ಇರಬೇಕು.

ಆದ್ರ ಅಣಕ ಉಳಿಸಿಕೊಳ್ಳೋದು ಕೊನೆಯ ಅರ್ಧ ನಿಮಿಷ ಮಾತ್ರ. ಅದಕ್ಕೂ ಮುಂಚಿನ 20 ನಿಮಿಷ, ಅಂದ್ರ ಹೆಜ್ಜೆಗುರುತು ನೋಡೋದು, ಕನ್ನಡಕ ಬಿದ್ದ ವೆಲ್ಮಾ ನೆಲ ತಡಕಾಡೋದು, ಯಾರ ಮ್ಯಾಲೋ ಅನುಮಾನಪಟ್ಟು ಕೈಬಿಡೋದು, ಅದಕ್ಕೆಲ್ಲಾ ಕತ್ತರಿ. ಮೀಮಿನಾಗ ಒಳಗಿನ ಹೆಸರು ನಾವು ಮೊದಲೇ ಬರೆದಿರ್ತೀವಿ.

2018ರ ಜುಲೈನಲ್ಲಿ ನಮ್ಮದೇ ಕಲ್ಯಾಣ ಕರ್ನಾಟಕದ ಬೀದರ್ ಜಿಲ್ಲೆಯಲ್ಲಿ ಕಾರಿನಲ್ಲಿ ಬಂದ ಗೆಳೆಯರ ಗುಂಪೊಂದು ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತು. ವಾಟ್ಸಾಪ್‌ನಲ್ಲಿ ಅವರು ‘ಮಕ್ಕಳ ಕಳ್ಳರು’ ಆದರು. ಮುರ್ಕಿ ಹತ್ರ ಕಾರು ಉರುಳಿತು, ಜನ ಮುತ್ತಿಕೊಂಡು ಹೊಡೆದರು, ಅವರಲ್ಲೊಬ್ಬ ಸತ್ತ. ಗಾಡಿಯಲ್ಲಿ ಬಂದ ಗೆಳೆಯರೇ ಅಲ್ಲಿ ದೆವ್ವ ಆಗಿಬಿಟ್ಟರು. ಸುಳಿವು ಹುಡುಕೋ ಪುರುಸೊತ್ತು ಆ ಗುಂಪಿಗೆ ಇರಲಿಲ್ಲ.

ಈಗ ಮಸ್ಕಿ ಬಂಡೆ ನೋಡ್ರಿ. (ಮಾಸ್ಕ್–ಮಸ್ಕಿ ಜೋಕ್ ಹೊಡೀಬ್ಯಾಡ್ರಿ, ಹಳೇದಾತು.) 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಶಾಸನಗಳನ್ನ ಓದಿದಾಗ ಸಿಕ್ಕಿದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಅನ್ನೋ ಬಿರುದು. ಯಾರಿಂವ? ಸಿಂಹಳದ ಗ್ರಂಥ ನೋಡಿ, ಅಶೋಕ ಇರಬೇಕು ಅಂದ್ರು. ಕಲ್ಲಿನ ಮ್ಯಾಲೆ ‘ಅಶೋಕ’ ಅನ್ನೋ ಹೆಸರೇ ಸಿಕ್ಕಿದ್ದು 1915ರಲ್ಲಿ, ಚಿನ್ನದ ಗಣಿ ಎಂಜಿನಿಯರ್ ಸಿ. ಬೀಡನ್ ನಮ್ಮ ಮಸ್ಕಿ ಶಾಸನ ಪತ್ತೆಹಚ್ಚಿದ ಮ್ಯಾಲೆ. ಊಹೆಗೂ ಸಾಕ್ಷಿಗೂ ನಡುವೆ 78 ವರ್ಷ!

ಈ ಸಲ ಕಾಮೆಂಟಿನ್ಯಾಗ ನಿಮ್ಮೂರ ದೆವ್ವದ ಕಥಿ ಬೇಕು. ಹಾಳುಬಾವಿದು, ಹುಣಸಿಗಿಡದ್ದು, ಯಾವುದಾದ್ರೂ ನಡೀತೈತಿ. ಹೆಸರು ಬ್ಯಾಡ, ಸುಳಿವು ಅಷ್ಟೇ ಹಾಕ್ರಿ.