ವಸಂತಾಗಮಕ್ಕೆ ಮುನ್ನ

ವಸಂತವು ಹೂವಿನ ಋತುವೆಂಬುದನ್ನು ಕಾವ್ಯಗಳನ್ನೋದಿದವರೆಲ್ಲರೂ ಬಲ್ಲರು. ಕಾಳಿದಾಸನ ಋತುಸಂಹಾರವು ಗ್ರೀಷ್ಮದಿಂದ ಆರಂಭವಾಗಿ ವಸಂತದಲ್ಲಿ ಮುಗಿಯುತ್ತದೆ. ಆದರೆ ಹಿತ್ತಿಲ ಗಿಡಗಳಿಗೆ ನೀರೆರೆಯುವವನಿಗೆ ಗ್ರಂಥವು ಅಲ್ಲಿಗೆ ಮುಗಿಯದು. ವಸಂತದ ಬೆನ್ನ ಹಿಂದೆಯೇ ಮತ್ತೆ ಗ್ರೀಷ್ಮವು ನಿಂತಿರುವುದು ಅವನಿಗೆ ಕಾಣುತ್ತದೆ. ಹಿಮ ಬೀಳುವ ದೇಶಗಳಲ್ಲಿ ವಸಂತವು ನೆಲಕ್ಕೆ ನೀರುಣಿಸುವ ಕಾಲ. ನಮ್ಮ ಮೈಸೂರು ಸೀಮೆಯಲ್ಲಾದರೋ ಅದು ಬಾವಿಯ ನೀರು ಇಳಿಯತೊಡಗುವ ಕಾಲ. ಆದಕಾರಣ ಇಲ್ಲಿ ವಸಂತದ ಸಿದ್ಧತೆಯು ಬಹುಮಟ್ಟಿಗೆ ಕತ್ತರಿಸುವುದರಲ್ಲಿಯೂ ತಡೆಯುವುದರಲ್ಲಿಯೂ ಅಡಗಿದೆ.

ಮೊದಲು ಮಲ್ಲಿಗೆಯನ್ನು ನೋಡೋಣ. ಪುಷ್ಯಮಾಸದಲ್ಲಿ ಅದಕ್ಕೆ ಕೆಲವು ದಿನ ನೀರು ನಿಲ್ಲಿಸಿ, ನೆಲದಿಂದ ಒಂದೂವರೆ ಅಡಿ ಬಿಟ್ಟು ಮೇಲಿನ ಕೊಂಬೆಗಳನ್ನು ಕತ್ತರಿಸಿಬಿಡುತ್ತೇನೆ. “ಹಚ್ಚಗಿರುವುದನ್ನು ಹೀಗೆ ಬೋಳಿಸುವುದುಂಟೆ?” ಎಂದು ನನ್ನ ಗೃಹಿಣಿಯು ಪ್ರತಿವರ್ಷವೂ ಆಕ್ಷೇಪಿಸುವಳು. ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿಯೇ. ಹಳೆಯ ಕೊಂಬೆಯನ್ನು ಉಳಿಸಿಕೊಂಡರೆ ಎಲೆಯೇ ಹೆಚ್ಚು. ಬುಡವನ್ನು ಸಡಿಲಿಸಿ, ಕಳಿತ ಗೊಬ್ಬರವನ್ನು ಹಾಕಿ, ಅನಂತರ ನೀರು ಕೊಟ್ಟರೆ ಯುಗಾದಿಯ ಹೊತ್ತಿಗೆ ಆಕೆಯ ಪೂಜೆಯ ತಟ್ಟೆ ತುಂಬುತ್ತದೆ; ಆಕ್ಷೇಪವೂ ಮರುವರ್ಷದವರೆಗೆ ನಿಲ್ಲುತ್ತದೆ. ಮಾವಿಗೂ ಹೂ ಬಿಡುವ ಮುನ್ನ ನೀರೆರೆಯುವುದಿಲ್ಲ. ಕಾಯಿ ಕಚ್ಚಿದ ಮೇಲೆ ಎರೆಯುತ್ತೇನೆ.

ಮನೆಯ ಮುಂದಿನ ನೆಲದ ವಿಷಯವು ಇಷ್ಟು ಸುಲಭವಾಗಿ ತೀರಲಿಲ್ಲ. ಬೇರೆ ಊರಿನಲ್ಲಿ ಉದ್ಯೋಗದಲ್ಲಿರುವ ನನ್ನ ಮಗನು ಸಂಕ್ರಾಂತಿಗೆ ಬಂದವನು, “ಅಣ್ಣ, ಇಲ್ಲಿ ಒಳ್ಳೆಯ ಹುಲ್ಲುಹಾಸನ್ನು ಹಾಕಿಸೋಣ, ಕಣ್ಣಿಗೆ ತಂಪಾಗಿರುತ್ತದೆ” ಎಂದನು. ಲೆಕ್ಕ ಕಲಿಸಿದವನಾದುದರಿಂದ ನಾನು ಲೆಕ್ಕಕ್ಕೆ ತೊಡಗಿದೆನು. ನೆಲವು 300 ಚದರ ಅಡಿ. ಒಂದು ಸಲ ಒಂದಂಗುಲದಷ್ಟು ನೀರು ಹಾಯಿಸಬೇಕಾದರೆ ಸುಮಾರು 700 ಲೀಟರು. ಅಂದರೆ 15 ಲೀಟರಿನ ಕೊಡದಲ್ಲಿ ಹೆಚ್ಚುಕಡಿಮೆ 47 ಕೊಡ. ಬೇಸಗೆಯಲ್ಲಿ ವಾರವಾರವೂ ಇಷ್ಟು ಬೇಕು. ಪಕ್ಕದ ಮನೆಯವರ ಕೊಳವೆಬಾವಿ ಬತ್ತಿಹೋಗಿದೆ. ಚೈತ್ರದಲ್ಲಿ ಅವರು ಕೊಡ ಹಿಡಿದು ಬರುವುದು ನಮ್ಮ ಬಾವಿಗೇ. 2024ರ ಮಾರ್ಚಿಯಲ್ಲಿ ಬೆಂಗಳೂರಿನ ಜಲಮಂಡಳಿಯು ಕುಡಿಯುವ ನೀರನ್ನು ತೋಟಕ್ಕೆ ಬಳಸುವವರಿಗೆ 5000 ರೂಪಾಯಿ ದಂಡವೆಂದು ಸಾರಬೇಕಾಯಿತು. ನಮ್ಮೂರಿನಲ್ಲಿ ದಂಡ ಹಾಕುವವರಿಲ್ಲದಿದ್ದರೂ, ನೀರಿಗೆ ಬಂದ ನೆರೆಯವಳ ಕಣ್ಣೆದುರಿಗೆ ಹುಲ್ಲಿಗೆ ನೀರು ಹಾಯಿಸಲು ಯಾವ ಗೃಹಸ್ಥನ ಕೈ ಬರುತ್ತದೆ? ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಗರಿಕೆಯೇ ಇರಲಿ” ಎಂದನು.

ಗರಿಕೆಯು ಗಣಪತಿಗೆ ಪ್ರಿಯವಾದುದು ಮಾತ್ರವಲ್ಲದೆ ಬಡವನಿಗೂ ಅನುಕೂಲವಾದುದು. ಅದನ್ನು ನೆಲಮಟ್ಟಕ್ಕೆ ಕೊಯ್ಯದೆ ಎರಡು ಮೂರಂಗುಲ ಬಿಟ್ಟರೆ ತನ್ನ ಬುಡಕ್ಕೆ ತಾನೇ ನೆರಳಾಗುತ್ತದೆ. ಬಿಸಿಲು ಬಲಿತಾಗ ಒಣಗಿದಂತೆ ಕಂಡರೂ ಗೆಣ್ಣುಗಳಲ್ಲಿ ಜೀವವಿರುತ್ತದೆ. ಭರಣಿಯ ಮಳೆ ಬಿದ್ದೊಡನೆ ಮರಳಿ ಹಸುರಾಗುತ್ತದೆ.

ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ನೆಟ್ಟ ಗಿಡಗಳಿಗೆ ಬೇಸಗೆಯಲ್ಲಿ ಬೆಳಗೂ ಸಂಜೆಯೂ, ಚಳಿಗಾಲದಲ್ಲಿ ದಿನ ಬಿಟ್ಟು ದಿನ, ಮಳೆಗಾಲದಲ್ಲಿ ನೆಲವೊಣಗಿದಾಗ ನೀರೆರೆಯಬೇಕೆಂದು ವಿಧಿಸಿದ್ದಾನೆ. ಆ ಬೇಸಗೆಯ ವಿಧಿಯನ್ನು ಎಳೆಯ ಗಿಡಗಳಿಗೆ ಮಾತ್ರ ನಡೆಸಬಲ್ಲೆನು. ಅದಕ್ಕೂ ಪಾತ್ರೆ ತೊಳೆದ ನೀರನ್ನೇ ಕೂಡಿಡುತ್ತೇವೆ. ಉಳಿದ ಗಿಡಗಳಿಗೆ ಹೊಂಗೆಯ ತರಗೆಲೆಯೇ ರಕ್ಷೆ. ಅನೇಕರು ಅದನ್ನು ಗುಡಿಸಿ ಸುಡುತ್ತಾರೆ. ನಾಲ್ಕಂಗುಲ ದಪ್ಪವಾಗಿ ಪಾತಿಗೆ ಹೊದಿಸಿ, ಬುಡಕ್ಕೆ ಅಂಟದಂತೆ ಸ್ವಲ್ಪ ಎಡೆ ಬಿಟ್ಟರೆ, ಅದರಡಿಯ ಮಣ್ಣು ನಡುಹಗಲಿನಲ್ಲಿಯೂ ತೇವವಾಗಿರುತ್ತದೆ. ಮಳೆಗಾಲದಲ್ಲಿ ಅದೇ ಗೊಬ್ಬರವೂ ಆಗುತ್ತದೆ.

ವಾಚಕರ ಮನೆಗಳಲ್ಲಿಯೂ ಈಗ ಎಲೆಗಳು ಉದುರುತ್ತಿರಬಹುದು. ಅವಕ್ಕೆ ಬೆಂಕಿ ಹಚ್ಚುವ ಮುನ್ನ ಒಮ್ಮೆ ತಮ್ಮ ಬಾವಿಯೊಳಗೆ ಇಣುಕಿ ನೋಡಲಿ ಎಂದು ಬಿನ್ನವಿಸುತ್ತೇನೆ.